ಕಂಪನಿ ಪೇಂಟು

ನಾರಾಯಣ: ಬೇಡ ಅಂದ್ರೆ ಬೇಡ ಕಣೇ. ಚಿನ್ನದಂಥ ಪೇಂಟ್ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸೋದು ಅಂದ್ರೆ, ರೇಷ್ಮೆ ಸೀರೆ ಮೇಲೆ ರೈನ್‌ಕೋಟ್ ಹಾಕ್ಕೊಂಡು ಮದುವೆಗೆ ಹೋದ ಹಾಗೆ!

ವೆಂಕಟಲಕ್ಷ್ಮಿ: ಎಲ್ಲಿದೇರೀ ಚಿನ್ನ? ಬಿಸಿಲಿಗೆ ಬಣ್ಣ ಹೋಗಿ ಕಾರು ಹಳೇ ತಪ್ಪಲೆ ಆಗಿದೆ. ನನ್ನ ಗೆಳತಿ ಸರಳಾ ಮಗಳ ನಿಶ್ಚಿತಾರ್ಥಕ್ಕೆ ಇದರಲ್ಲಿ ಹೋಗಿ ಇಳಿದ್ರೆ, ಪಾತ್ರೆಗೆ ಕಲಾಯಿ ಹಾಕೋರು ಬಂದ್ರು ಅಂದ್ಕೋತಾರೆ.

ಮುಳಬಾಗಿಲಿನ ಹೈವೇ ಪಕ್ಕದಲ್ಲಿ ಕಾರುಗಳಿಗೆ ಬಣ್ಣದ ವಿನೈಲ್ ಹಾಳೆ ಹೊದಿಸುವ ಕದಿರೇಶನ ಅಂಗಡಿ. ಗಂಡ ಹೆಂಡತಿಯ ಈ ವಾದ ಕೇಳುತ್ತಾ ನಿಂತಿದ್ದ ಅವನ ಕೈಯಲ್ಲಿನ ಟೀ ಆರಿಹೋಗಿತ್ತು. ಆಡಿಟರ್ ಆಫೀಸಿನಲ್ಲಿ ಲೆಕ್ಕ ನೋಡುವ ನಾರಾಯಣನಿಗೆ ತನ್ನ ಹಳೆಯ ಕೆಂಪು ಕಾರೆಂದರೆ ಪಂಚಪ್ರಾಣ. ವೆಂಕಟಲಕ್ಷ್ಮಿಗೆ ಬೇಕಾಗಿದ್ದುದು ಅದರ ಕೀ. ಅವಳಿಗೆ ಲೈಸೆನ್ಸ್ ಇತ್ತು, ಧೈರ್ಯವೂ ಇತ್ತು. ಆದರೆ ಗಂಡ ಕೀ ಕೊಟ್ಟರೆ ತಾನೇ?

ಹಿಂದೊಮ್ಮೆ ಅವನು ತಿರುಪತಿಗೆ ಹೋಗಿದ್ದಾಗ ಅವಳು ಕದ್ದು ಓಡಿಸಿ, ಎಡಗಡೆಯ ಹಿಂದಿನ ಬಾಗಿಲನ್ನು ಗೇಟಿಗೆ ಚೆನ್ನಾಗಿ ಉಜ್ಜಿದ್ದಳು. ಅವನು ಲಾಡು ಹಿಡಿದು ಬರುವಷ್ಟರಲ್ಲಿ ಕೋಲಾರದಲ್ಲಿ ಗುಟ್ಟಾಗಿ ಬಣ್ಣ ಹೊಡೆಸಿದ್ದೂ ಆಗಿತ್ತು. ಈಗ ಉಳಿದ ಕಾರೆಲ್ಲ ಮಂಕಾಗಿ ಆ ಬಾಗಿಲೊಂದು ಮದುಮಗಳ ಹಾಗೆ ಹೊಳೆಯುತ್ತಿತ್ತು. ಕಣ್ಣು ಮಂಜಾದ ಗಂಡನಿಗೆ ಅದಿನ್ನೂ ಕಂಡಿರಲಿಲ್ಲ, ಆದರೆ ಮುಂದಿನ ವಾರ ಅವನಿಗೆ ಹೊಸ ಕನ್ನಡಕ ಬರುವುದಿತ್ತು. ಅಷ್ಟರಲ್ಲಿ ಇಡೀ ಕಾರನ್ನು ಮುಚ್ಚಿಸಿಬಿಡಬೇಕು, ಇಲ್ಲದಿದ್ದರೆ ಕೀ ಮಾತನ್ನು ಈ ಜನ್ಮದಲ್ಲಿ ಎತ್ತುವ ಹಾಗಿಲ್ಲ ಎಂಬುದು ಅವಳ ಲೆಕ್ಕಾಚಾರ.

ಕದಿರೇಶ: ಸಾರ್, ನಾನೊಂದು ಮಾತು ಹೇಳ್ಲಾ? ಕಂಪನಿ ಪೇಂಟ್ ಆದ್ರೆ ಭಯ ಇಲ್ಲ. ನಾಕೈದು ವರ್ಷ ಬಿಟ್ಟು ಹಾಳೆ ಕಿತ್ರೂ ಒಳಗಿನ ಬಣ್ಣ ಹಂಗೇ ಇರ್ತದೆ. ಹೊರಗಡೆ ಹೊಡೆಸಿದ ಪೇಂಟ್ ಆದ್ರೆ ಮಾತ್ರ, ಹಾಳೆ ಜೊತೆ ಅದೂ ಎದ್ದು ಬಂದ್ಬಿಡ್ತದೆ. ಅದಕ್ಕೇ ಮೊದ್ಲು ಟೇಪ್ ಅಂಟಿಸಿ ಕಿತ್ತು ನೋಡ್ತೀನಿ. ಎಲ್ಲಾ ಬಾಗ್ಲೂ.

ವೆಂಕಟಲಕ್ಷ್ಮಿ: ಎಲ್ಲಾ ಬಾಗ್ಲೂನಾ?

ಕದಿರೇಶ: ಒಂದೂ ಬಿಡಲ್ಲಮ್ಮ.

ವೆಂಕಟಲಕ್ಷ್ಮಿ ಗಂಡನ ತೋಳು ಹಿಡಿದೆಳೆದಳು.

ವೆಂಕಟಲಕ್ಷ್ಮಿ: ರೀ, ನೀವು ಹೇಳಿದ್ದೇ ಸರಿ. ಬೇಡ ಬಿಡಿ. ನಡೀರಿ ಮನೆಗೆ.

ನಾರಾಯಣ: ಮದುವೆ ಆದಾಗಿಂದ ನಾನು ಹೇಳಿದ್ದು ಸರಿ ಅಂತ ಇವತ್ತೇ ಅಂದಿದ್ದು! ಏನು ಸಮಾಚಾರ?

ವೆಂಕಟಲಕ್ಷ್ಮಿ: ದೇವರು ಈಗ ಬುದ್ಧಿ ಕೊಟ್ಟ.

ನಾರಾಯಣ: ಆಗಲ್ಲ. ಇವನಿಗೆ ನನ್ನ ಪೇಂಟ್ ಮೇಲೇ ಅನುಮಾನ! ಅಂಟಿಸಪ್ಪಾ ಟೇಪು. ಕಂಪನಿಯವನು ಹೊಡೆದಿದ್ದು ಬಿಟ್ರೆ ಇದರ ಮೇಲೆ ಒಂದು ತೊಟ್ಟು ಬಣ್ಣ ಬಿದ್ದಿಲ್ಲ. ಯಾಕೆ ಹೇಳು? ಕಂಡಕಂಡವರ ಕೈಗೆ ಕೊಟ್ಟಿಲ್ಲ.

ವೆಂಕಟಲಕ್ಷ್ಮಿ: ಕಂಡಕಂಡವರು ಅಂದ್ರೆ ಯಾರು? ಕೈ ಹಿಡಿದ ಹೆಂಡ್ತೀನಾ?

ನಾರಾಯಣ: ನಾನು ಹೆಸರು ಹೇಳಿದ್ನಾ?

ಕದಿರೇಶ ಬಾನೆಟ್ ಮೇಲೆ ಟೇಪು ಅಂಟಿಸಿ ಸರ್‍ರನೆ ಕಿತ್ತ. ಬಣ್ಣ ಜಗ್ಗಲಿಲ್ಲ. ಬಲಗಡೆಯ ಬಾಗಿಲುಗಳೂ ಎಡಗಡೆಯ ಮುಂದಿನ ಬಾಗಿಲೂ ಪಾಸಾದವು. ನಾರಾಯಣನ ಎದೆ ಉಬ್ಬಿತು. ಕದಿರೇಶ ಟೇಪು ಹಿಡಿದು ಎಡಗಡೆಯ ಹಿಂದಿನ ಬಾಗಿಲಿಗೆ ಹೊರಟ. ವೆಂಕಟಲಕ್ಷ್ಮಿ ಅವನಿಗಿಂತ ಮೊದಲೇ ಓಡಿ, ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಕದಿರೇಶ: ಅಮ್ಮ, ಸ್ವಲ್ಪ ಜರುಗಿ.

ವೆಂಕಟಲಕ್ಷ್ಮಿ: ತಲೆ ಸುತ್ತುತಾ ಇದೆ ಕಣಪ್ಪ. ಒರಗಿಕೊಂಡಿದೀನಿ.

ಕದಿರೇಶ: ಕುರ್ಚಿ ತರ್ತೀನಮ್ಮ.

ವೆಂಕಟಲಕ್ಷ್ಮಿ: ಕೂತ್ರೆ ಇನ್ನೂ ಜಾಸ್ತಿ ಸುತ್ತುತ್ತೆ. ನೀನು ಹಿಂದ್ಗಡೆ ನೋಡು. ಡಿಕ್ಕಿ ಮೇಲೆ ಆಂಜನೇಯನ ಸ್ಟಿಕ್ಕರ್ ಇದೆಯಲ್ಲ, ಅದೂ ವಿನೈಲ್ ತಾನೆ? ಟೇಪ್ ಯಾಕೆ, ಅದನ್ನೇ ಕಿತ್ತು ನೋಡು. ವರ್ಷಗಟ್ಟಲೆ ಅಂಟಿರೋದು.

ಕದಿರೇಶ: ಒಳ್ಳೇ ಮಾತಮ್ಮ. ಹೆಂಗೂ ಅದನ್ನ ತೆಗೀಲೇಬೇಕು.

ನಾರಾಯಣ: ಮುಟ್ಟಬೇಡ! ಸ್ವಾಮೀನ ಕೀಳ್ತಾರೇನೋ? ಪಾಪ ಬರುತ್ತೆ!

ವೆಂಕಟಲಕ್ಷ್ಮಿ: ದೇವಸ್ಥಾನಕ್ಕೆ ಕರೆದ್ರೆ ಮೊಣಕಾಲು ನೋವು ಅಂತೀರಿ. ಈಗೆಲ್ಲಿಂದ ಬಂತು ಭಕ್ತಿ?

ನಾರಾಯಣ: ಭಕ್ತಿ ಮೊಣಕಾಲಲ್ಲಿ ಇರಲ್ಲ ಕಣೇ.

ವೆಂಕಟಲಕ್ಷ್ಮಿ: ಡಿಕ್ಕೀಲಿ ಇರುತ್ತಾ?

ನಾರಾಯಣ: ಇವತ್ತು ಶನಿವಾರ, ಸ್ವಾಮಿ ವಾರ!

ವೆಂಕಟಲಕ್ಷ್ಮಿ: ಮಂಗಳವಾರ ಕಣ್ರೀ.

ನಾರಾಯಣ: ಮಂಗಳವಾರಾನೂ ಅವನದೇ!

ಗಂಡ ಯಾಕೆ ಹೀಗೆ ಬೆವರುತ್ತಿದ್ದಾನೆಂದು ಅವಳಿಗೆ ತಿಳಿಯಲಿಲ್ಲ. ತನ್ನ ಬಾಗಿಲು ಉಳಿದರೆ ಸಾಕಾಗಿತ್ತು. ‘ಕೀಳಪ್ಪಾ, ಪಾಪ ನನಗಿರಲಿ’ ಎಂದಳು. ಕದಿರೇಶ ಕೈಮುಗಿದು, ಬಿಸಿಗಾಳಿ ಹಾಯಿಸಿ, ಸ್ಟಿಕ್ಕರಿನ ತುದಿ ಹಿಡಿದು ಎಳೆದ. ಆಂಜನೇಯ ಸಲೀಸಾಗಿ ಎದ್ದು ಬಂದ. ಜೊತೆಗೆ ಅಂಗೈಯಗಲದ ಕೆಂಪು ಬಣ್ಣವೂ ಎದ್ದು ಬಂತು. ಕೆಳಗೆ ನಗ್ಗಿಗೆ ಮೆತ್ತಿದ ಬೂದು ಬಣ್ಣದ ಪುಟ್ಟಿ ಬಾಯಿಬಿಟ್ಟುಕೊಂಡಿತ್ತು.

ಕದಿರೇಶ: ಏಮಿ ಸಾರ್ ಇದಿ? ಇದು ಕಂಪನಿ ಪೇಂಟಾ?

ವೆಂಕಟಲಕ್ಷ್ಮಿ: ರೀ...

ನಾರಾಯಣ: ಮಾಲೂರಿಗೆ ಇಟ್ಟಿಗೆ ಗೂಡಿನವರ ಲೆಕ್ಕ ನೋಡೋಕೆ ಹೋಗಿದ್ದೆನಲ್ಲ...

ವೆಂಕಟಲಕ್ಷ್ಮಿ: ಹೋಗಿದ್ರಿ.

ನಾರಾಯಣ: ರಿವರ್ಸ್ ತಗೋಬೇಕಾದ್ರೆ ಇಟ್ಟಿಗೆ ಅಡ್ಡ ಬಂತು.

ವೆಂಕಟಲಕ್ಷ್ಮಿ: ಹೇಗೆ ಬಂತು? ನಡ್ಕೊಂಡು ಬಂತಾ, ಆಟೋದಲ್ಲಿ ಬಂತಾ?

ನಾರಾಯಣ: ಆಳೆತ್ತರ ಜೋಡಿಸಿಟ್ಟಿದ್ರು ಕಣೇ!

ವೆಂಕಟಲಕ್ಷ್ಮಿ: ಅದಕ್ಕೆ ಬಣ್ಣ ಬಳಿದು ಸ್ವಾಮೀನ ಕಾವಲು ಕೂರಿಸಿದ್ರಿ! ನಾನು ಪ್ರತಿ ಆಯುಧಪೂಜೆಗೂ ನೀವು ನಗ್ಗಿಸಿದ ಜಾಗಕ್ಕೆ ಕುಂಕುಮ ಇಟ್ಟು ಮಂಗಳಾರತಿ ಎತ್ತಿದ್ನಲ್ರೀ!

ಅವಳಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಸಂತೋಷವಾಯಿತು. ಒಂದು ಗೀರಿಗಾಗಿ ತಾನೊಬ್ಬಳೇ ಕಳ್ಳಿಯ ಹಾಗೆ ಒಳಗೊಳಗೇ ಕೊರಗಿದ್ದು ಎಂಥ ದಂಡ ಅನ್ನಿಸಿತು. ಅವಳು ಗಂಡನ ಮುಂದೆ ಕೈ ಚಾಚಿದಳು.

ವೆಂಕಟಲಕ್ಷ್ಮಿ: ಕೀ ಕೊಡಿ.

ನಾರಾಯಣ ಜೇಬಿನಿಂದ ತೆಗೆದು ಕೊಟ್ಟ. ಅವಳು ಸ್ಟಿಯರಿಂಗ್ ಹಿಂದೆ ಕೂತು, ಸೀಟು ಮುಂದಕ್ಕೆ ಎಳೆದುಕೊಂಡು, ಇಂಜಿನ್ ಶುರು ಮಾಡಿದಳು. ತಲೆ ತಗ್ಗಿಸಿದ ಗಂಡ ಇನ್ನೂ ಹಿಂದಿನಿಂದ ಸುತ್ತಿಕೊಂಡು ಬರುತ್ತಿದ್ದ. ಅಷ್ಟರಲ್ಲಿ ಕದಿರೇಶ ಟೇಪು ಹಿಡಿದು ಕಿಟಕಿಯ ಹತ್ತಿರ ಬಂದ.

ಕದಿರೇಶ: ಅಮ್ಮ, ಆ ಎಡಗಡೆ ಬಾಗ್ಲೊಂದು ಉಳೀತು. ಅದನ್ನೂ ನೋಡಿಬಿಡ್ಲಾ?

ವೆಂಕಟಲಕ್ಷ್ಮಿ: (ದನಿ ತಗ್ಗಿಸಿ) ಬೇಡಪ್ಪ. ಒಂದು ಸಂಸಾರದಲ್ಲಿ ದಿನಕ್ಕೆ ಒಬ್ರು ಸಿಕ್ಕಿಬಿದ್ರೆ ಸಾಕು.