ಹೊಸ ಲ್ಯಾಪ್‌ಟಾಪು, ಹಳೆಯ ಬಾಯಿ

ನಾಚಿಕೆಪಡುವಂಥ ಪ್ರಸಂಗಗಳು ಕೆಲವರಿಗೆ ಅಪರೂಪಕ್ಕೆ ಎದುರಾಗುತ್ತವೆ. ನನಗೆ ಮಾತ್ರ ಅವು ಹಾಲಿನವನ ಹಾಗೆ ಬಾಗಿಲಿಗೇ ಬರುತ್ತವೆ.

ಮೊದಲೇ ಹೇಳಿಬಿಡುತ್ತೇನೆ, ಬರೆಯುವುದು ನನಗೆ ಹೊಸದು. ಎಲ್ಲಿ ಎಷ್ಟು ಹೇಳಬೇಕು ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಎಲ್ಲವನ್ನೂ ಬಿಡಿಸಿಯೇ ಹೇಳುತ್ತೇನೆ. ಗೊತ್ತಿದ್ದವರು ಬೇಸರಪಡಬಾರದು.

ಅಥಣಿಯಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ಸೀಮಂತ, ತೊಟ್ಟಿಲು, ಎಲ್ಲದರ ಫೋಟೋ ಮತ್ತು ವಿಡಿಯೋ ಮಾಡುತ್ತೇನೆ. ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು, ಆಮೇಲೆ ಮರೆತೇನು. ನಮ್ಮ ಕಡೆಯ ಮದುವೆ ವಿಡಿಯೋದಲ್ಲಿ ಅಲ್ಲಿನ ದನಿ ಇರುವುದಿಲ್ಲ. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವಾಗ ಒಂದು ಹಾಡು, ಊಟಕ್ಕೆ ಒಂದು ಹಾಡು, ಹುಡುಗಿ ಅಳುತ್ತ ಗಾಡಿ ಹತ್ತುವುದಕ್ಕೆ ಇನ್ನೊಂದು ಹಾಡು ಹಾಕಿ, ಕೆಳಗಿನ ಗದ್ದಲವನ್ನೆಲ್ಲ ಅಳಿಸಿಬಿಡುತ್ತೇವೆ. ಹೀಗೆ ಮಾಡಿ ಮಾಡಿ, ಕ್ಯಾಮೆರಾಕ್ಕೆ ಕಣ್ಣಿದೆ ಎಂಬುದಷ್ಟೇ ನನ್ನ ನೆನಪಿನಲ್ಲಿತ್ತು. ಕಿವಿಯೂ ಇದೆ ಎಂಬುದು ಮರೆತೇ ಹೋಗಿತ್ತು.

ಈಗ ಹೇಳುವುದೆಲ್ಲ ಎರಡು ಸಾವಿರದ ಹತ್ತರ ಆಚೀಚಿನ ಮಾತು. ಆ ವರ್ಷ ನಾನು ಹೊಸ ಲ್ಯಾಪ್‌ಟಾಪ್ ಕೊಂಡೆ.

ಬೆಲ್ಲದ ಹದ

ಲ್ಯಾಪ್‌ಟಾಪ್ ಯಾಕೆ ಬೇಕಾಯಿತು ಎಂಬುದನ್ನು ಮೊದಲು ಹೇಳುತ್ತೇನೆ. ನನ್ನ ಹಳೆಯ ಕಂಪ್ಯೂಟರ್ ಕಾಯ್ದು ಬಂದ್ ಬೀಳುತ್ತಿತ್ತು. ಅದರ ಒಂದು ಮಗ್ಗುಲಿನ ತಗಡು ತೆಗೆದು, ಎದುರಿಗೆ ಟೇಬಲ್ ಫ್ಯಾನ್ ಹಚ್ಚಿ ಕೆಲಸ ಮಾಡುತ್ತಿದ್ದೆ. ಗಿರಾಕಿಗಳಿಗೆ ಗಾಳಿ ಇರಲಿಲ್ಲ, ಕಂಪ್ಯೂಟರಿಗೆ ಇತ್ತು.

ಆ ಬೇಸಿಗೆಯಲ್ಲಿ ಹೊಳೆದಂಡೆಯ ಸತ್ತಿ ಎಂಬ ಊರಿನ ಒಬ್ಬರ ಮಗಳ ಮದುವೆಯ ವಿಡಿಯೋ ಮಾಡಿದ್ದೆ. ಕಬ್ಬಿನ ಹೊಲ, ಬೆಲ್ಲದ ಗಾಣ ಇದ್ದವರು. ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಮದುವೆಯ ಬುಕಿಂಗ್ ಮಾಡಿದ್ದು, ಮುಂಗಡ ಕೊಟ್ಟದ್ದು ಎಲ್ಲ ಅವರ ತಮ್ಮ. ಕಾಕಾನ ಪರಿಚಯವಾದದ್ದು ಮದುವೆಯ ನಂತರ, ವಿಡಿಯೋ ಕೇಳಲು ಅವರು ಬಿಳಿ ಟೊಪ್ಪಿಗೆ ಹಾಕಿಕೊಂಡು ಸ್ಟುಡಿಯೋಕ್ಕೆ ಬರತೊಡಗಿದ ಮೇಲೆ. ಇದನ್ನು ನೆನಪಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

"ನಾಗರ ಪಂಚಮಿಗಿ ಮಗಳು ಬರತಾಳಪಾ. ಲಗ್ನ ಆದ ಮ್ಯಾಲ ಮೊದಲನೇ ಪಂಚಮಿ. ಬೀಗರೂ ಬರತಾರ. ಇಡೀ ಓಣಿಗಿ ವಿಡಿಯೋ ತೋರಸ್ತೀನಿ ಅಂದೀನಿ. ಅಷ್ಟ್ರಾಗ ಆಗಲಿಲ್ಲಂದ್ರ ನನ್ನ ಮಾರಿ ಹೋಗತೈತಿ," ಎಂದರು.

ಮಾರಿ ಎಂದರೆ ಮುಖ; ಅವರ ಮಾರಿಯ ಜೊತೆ ನನ್ನ ಅನ್ನವೂ ಹೋಗುತ್ತಿತ್ತು. ಸತ್ತಿಯಲ್ಲಿ ಒಮ್ಮೆ ಹೆಸರು ಕೆಟ್ಟರೆ ಹೊಳೆಯ ಆಚೀಚಿನ ಊರವರು ಯಾರೂ ನನ್ನನ್ನು ಮದುವೆಗೆ ಕರೆಯುವುದಿಲ್ಲ.

"ರೆಂಡರ್ ಆಗಾಕತ್ತೈತ್ರಿ ಕಾಕಾ," ಎಂದೆ.

"ರೆಂಡರ್ ಅಂದ್ರ ಏನ?"

ವಿಡಿಯೋದ ತುಣುಕುಗಳನ್ನೆಲ್ಲ ಕಂಪ್ಯೂಟರ್ ಕೂಡಿಸಿ ಒಂದು ಮಾಡುವುದಕ್ಕೆ ರೆಂಡರ್ ಎನ್ನುತ್ತಾರೆ. ಅವರಿಗೆ ತಿಳಿಯಲೆಂದು ನಾನು ಹೇಳಿದೆ, "ನಿಮ್ಮ ಗಾಣದಾಗ ಬೆಲ್ಲ ಕುದಿಸಿದಂಗ್ರಿ. ಹದಕ್ಕ ಬರೂತನಕ ಕಾಯಬೇಕು."

"ಹಂಗಾದ್ರ ಕುಂದರತೀನಿ," ಎಂದು ಅವರು ಕುಳಿತೇಬಿಟ್ಟರು. ಪರದೆಯ ಮೇಲಿನ ಹಸಿರು ಪಟ್ಟಿ ಇರುವೆಯ ಹಾಗೆ ಸರಿಯುತ್ತಿತ್ತು. ಇನ್ನು ಬೆರಳಗಲ ಉಳಿದಾಗ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಪಟ್ಟಿ ಮತ್ತೆ ಸೊನ್ನೆಯಿಂದ ಶುರು.

ಕಾಕಾ ಟೊಪ್ಪಿಗೆ ತೆಗೆದು, ತಲೆ ಕೆರೆದುಕೊಂಡು ಅಂದರು, "ನಮ್ಮ ಗಾಣದಾಗ ಕರೆಂಟ್ ಹೋದ್ರ, ಬೆಲ್ಲ ತಿರುಗಿ ಕಬ್ಬ ಆಗೂದಿಲ್ಲಪಾ."

ಹಸಿರು ಸೀರೆ

ಕಂಪ್ಯೂಟರ್ ಕ್ಲಾಸಿನ ಸರ್ ಒಬ್ಬರನ್ನು ಕೇಳಿದೆ. ಅವರು ಬಹಳ ಹೇಳಿದರು. ನನಗೆ ತಲೆಯಲ್ಲಿ ಉಳಿದದ್ದು ಒಂದೇ: "ಫೋಟೋ ಕೆಲಸಕ್ಕ ಪರದೆ ಮುಖ್ಯರಿ. ಬಣ್ಣ ಇದ್ದದ್ದು ಇದ್ದಂಗ ಕಾಣಬೇಕು. ನಿಮಗ ಗೊತ್ತಿದ್ದ ಬಣ್ಣದ ವಸ್ತು ಒಯ್ದು, ಅದರ ಫೋಟೋ ಹಚ್ಚಿ, ಎರಡೂ ಜೋಡಿಸಿ ನೋಡ್ರಿ."

ನನಗೆ ಚೆನ್ನಾಗಿ ಗೊತ್ತಿದ್ದ ಬಣ್ಣವೆಂದರೆ ಹೆಂಡತಿಯ ಹಸಿರು ಇಳಕಲ್ ಸೀರೆ. ಅದರ ಫೋಟೋ ತೆಗೆದು ಪೆನ್‌ಡ್ರೈವಿಗೆ ಹಾಕಿಕೊಂಡೆ. ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಪೇಟೆಯ ಅಂಗಡಿಗೆ ಹೋದೆ. ಹೆಂಡತಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ಕೊಡುತ್ತಿರಲಿಲ್ಲ.

ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೋರಿಸುವ ಹುಡುಗಿಯೊಬ್ಬಳಿದ್ದಳು. ಸೀರೆ ಮಡಿಕೆಯಲ್ಲಿದ್ದರೆ ಬಣ್ಣ ತಿಳಿಯುವುದಿಲ್ಲ. ಅದಕ್ಕೆ ಪಾಪ ಆಕೆಯೇ ಅದನ್ನು ಬಿಚ್ಚಿ, ಹೆಗಲ ಮೇಲೆ ಹಾಕಿಕೊಂಡು ಪರದೆಯ ಪಕ್ಕ ನಿಂತಳು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, "ಸ್ವಲ್ಪ ಬೆಳಕಿಗಿ ಬರ್ರಿ... ಹಾಂ, ಭಾಳ ಛಲೋ ಕಾಣತೈತಿ," ಎಂದೆ. ನಾನು ಹೇಳಿದ್ದು ಬಣ್ಣಕ್ಕೆ. ಆದರೆ ಅಂಗಡಿಯ ಗಾಜಿನ ಹೊರಗೆ ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುವ ನಮ್ಮ ಓಣಿಯ ಹೆಂಗಸೊಬ್ಬರು ಕಾಯಿಪಲ್ಲೆ ಚೀಲ ಹಿಡಿದು ನಿಂತಿದ್ದರು.

ನಾನು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಹೆಂಡತಿ ಹೊಸ್ತಿಲಲ್ಲೇ ಇದ್ದಳು. ನಾನು ಪರದೆ, ಬಣ್ಣ, ಸರ್ ಹೇಳಿದ್ದು ಎಲ್ಲವನ್ನೂ ಬೆವರು ಒರೆಸಿಕೊಳ್ಳುತ್ತ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಕೂಡಿತೇನ ಬಣ್ಣ?"

"ಇಲ್ಲ. ಪರದೆ ಮ್ಯಾಲ ಸ್ವಲ್ಪ ನೀಲಿ ಕಂಡಿತು."

"ಹಂಗಾದ್ರ ಒಂದು ನೀಲಿ ಸೀರಿ ತಂದುಬಿಡ್ರಿ. ಲ್ಯಾಪ್‌ಟಾಪಿನ ತಪ್ಪಿಗಿ ಲ್ಯಾಪ್‌ಟಾಪ್ ಯಾಕ ಬದಲಿ ಮಾಡತೀರಿ?"

ತಂದೆ. ಮೊದಲು ಬಂದದ್ದು ಸೀರೆ. ಲ್ಯಾಪ್‌ಟಾಪ್ ಬರಲು ಇನ್ನೂ ತಡವಿತ್ತು.

ಪೂರ್ತಿ

ಇದು ಸಣ್ಣದು, ಬೇಗ ಹೇಳಿ ಮುಗಿಸುತ್ತೇನೆ. ಹೇಳಲೂ ನಾಚಿಕೆಯಾಗುತ್ತದೆ.

ಅಥಣಿಯಲ್ಲಿ ಮುಖ ತೋರಿಸುವಂತಿರಲಿಲ್ಲವಾಗಿ ಚಿಕ್ಕೋಡಿಗೆ ಹೋದೆ. ಅಲ್ಲಿನ ಅಂಗಡಿಯವರು, "ಗ್ರಾಫಿಕ್ಸ್ ಕಾರ್ಡ್ ಎಷ್ಟ ಜಿಬಿದು ಬೇಕ್ರಿ?" ಎಂದರು. ಗೊತ್ತಿಲ್ಲ ಎನ್ನುವುದು ಹೇಗೆ? ನಾನು ಇಷ್ಟು ವರ್ಷದ ಫೋಟೋಗ್ರಾಫರ್.

"ಪೂರ್ತಿ ಕೊಡ್ರಿ," ಎಂದೆ.

"ಪೂರ್ತಿ ಅಂದ್ರ?"

"ಇದ್ದದ್ದೆಲ್ಲಾ ಹಾಕ್ರಿ."

ಅವರು ಪೆನ್ನು ಕೆಳಗಿಟ್ಟು ಬಹಳ ಮೃದುವಾಗಿ ಕೇಳಿದರು, "ಇದರ ಮ್ಯಾಲ ಕೆಲಸ ಮಾಡಾವರು ಯಾರ್ರಿ?"

ನಾನೇ ಎನ್ನಲು ಬಾಯಿ ಬರಲಿಲ್ಲ. "ನಮ್ಮ ಅಳಿಯಾ," ಎಂದುಬಿಟ್ಟೆ.

"ಹಂಗಾದ್ರ ಅವರನ್ನ ಕಳಸ್ರಿ."

ಕಳಿಸುವುದು ಯಾರನ್ನು? ನನ್ನ ಮಗಳು ಆಗಿನ್ನೂ ಬಾಲವಾಡಿಗೆ ಹೋಗುತ್ತಿದ್ದಳು.

ನಿಪ್ಪಾಣಿಯ ದೊಡ್ಡ ಟಿವಿ

ಪಂಚಮಿ ಹತ್ತಿರ ಬಂತು. ಕಾಕಾ, "ನೀ ಒಬ್ಬಾಂವ ಹೋದ್ರ ಸೀರಿ ತರತಿ. ನಾನೂ ಬರತೀನಿ," ಎಂದರು. ಸೀರೆಯ ಸುದ್ದಿ ಸತ್ತಿಯವರೆಗೂ ಹೋಗಿತ್ತು. ಇಬ್ಬರೂ ಬಸ್ಸು ಹತ್ತಿ ನಿಪ್ಪಾಣಿಗೆ ಹೋದೆವು.

ದೊಡ್ಡ ಅಂಗಡಿ. ಟಿವಿಗಳೂ ಇದ್ದವು, ಲ್ಯಾಪ್‌ಟಾಪುಗಳೂ ಇದ್ದವು. ಮಾಲಕರು "ಯಾ, ಯಾ, ಬಸಾ" ಎಂದು ಮರಾಠಿಯಲ್ಲಿ ಕರೆದು ಕುರ್ಚಿ ಕೊಟ್ಟರು. ಹಗುರಾದ, ತೆಳ್ಳನೆಯದೊಂದನ್ನು ಮೊದಲು ತೋರಿಸಿದರು. ಕಾಕಾ ಅದರ ಹೊಟ್ಟೆಯ ಕೆಳಗೆ ಅಂಗೈ ಹಿಡಿದು, "ಆಗಲೇ ಕಾಯಾಕತ್ತೈತಿ. ಕೊಪ್ಪರಿಗಿ ತಳ ತೆಳ್ಳಗಿದ್ರ ಬೆಲ್ಲ ಹೊತ್ತತೈತಿ," ಎಂದು ಸರಿಸಿಬಿಟ್ಟರು. ದಪ್ಪನೆಯದೊಂದು ಬಂತು.

ಈ ಸಲ ನಾನು ಜಾಣನಾಗಿದ್ದೆ. ನಿಜವಾದ ಕೆಲಸ ಕೊಟ್ಟು ನೋಡಬೇಕೆಂದು ಕಾಕಾನ ಮಗಳ ಮದುವೆಯ ವಿಡಿಯೋವನ್ನೇ ತಂದಿದ್ದೆ. ಹಾಡು ಹಾಕದ, ಕತ್ತರಿಸದ, ಕ್ಯಾಮೆರಾದಿಂದ ಇಳಿಸಿದ್ದು ಇಳಿಸಿದ ಹಾಗೇ. ಮಾಲಕರಿಗೂ ಹುರುಪು ಬಂತು. ಲ್ಯಾಪ್‌ಟಾಪನ್ನು ಗೋಡೆಯ ಮೇಲಿನ ಎಲ್ಲಕ್ಕಿಂತ ದೊಡ್ಡ ಟಿವಿಗೆ ಜೋಡಿಸಿದರು. ಕೆಳಗೆ ಎರಡು ದೊಡ್ಡ ಸ್ಪೀಕರ್ ಇದ್ದವು.

ಚಿತ್ರ ತಡೆಯಿಲ್ಲದೆ ಓಡಿತು. ಮಂಗಲ ಕಾರ್ಯಾಲಯ, ಅಂತರಪಟ, ಬಾಸಿಂಗ ಕಟ್ಟಿದ ಮಗಳು. ಕಾಕಾನ ಕಣ್ಣು ಅರಳಿತು. ಅಂಗಡಿಗೆ ಬಂದವರೂ ನಿಂತು ನೋಡತೊಡಗಿದರು. ಅಷ್ಟರಲ್ಲಿ, ಎಡಿಟಿಂಗಿನಲ್ಲಿ ನಾನು ಪೂರ್ತಿ ನೋಡದೆ ಕತ್ತರಿಸಿದ್ದ ಜಾಗದಲ್ಲಿ, ತಲೆಗೆ ಹಳದಿ ಪಟಗಾ ಸುತ್ತಿದ ಒಬ್ಬರ ಬೆನ್ನು ಅಡ್ಡ ಬಂದು, ಅರ್ಧ ಟಿವಿ ಮುಚ್ಚಿಹೋಯಿತು. ಸ್ಪೀಕರಿನಿಂದ ಒಂದು ದನಿ ಬಂತು.

"ಯಾಂವಲೇ ಅಂವ, ಹಳದಿ ಪಟಗಾದಾಂವ? ಅಕ್ಕಿಕಾಳ ಬೀಳೂ ಹೊತ್ತಿನ್ಯಾಗ ಗ್ವಾಡಿ ನಿಂತಂಗ ನಿಂತಾನ!"

ದನಿ ನನ್ನದು. ಕೇಳುತ್ತಿದ್ದದ್ದು ಲೈಟ್ ಹಿಡಿದಿದ್ದ ನನ್ನ ಗೆಳೆಯನನ್ನು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ಕಾಕಾ ನಕ್ಕರು. "ಖರೇ ಐತಿ ನೋಡ್ರಿ! ಯಾರ ಕಡ್ಯಾಂವೋ ಏನೋ, ಎಮ್ಮಿ ನಿಂತಂಗ ನಿಂತಾನ!"

ನಾನು ಲ್ಯಾಪ್‌ಟಾಪಿನ ಬಟನ್ ಹುಡುಕತೊಡಗಿದೆ. ಹೊಸ ಲ್ಯಾಪ್‌ಟಾಪ್, ದನಿ ತಗ್ಗಿಸುವ ಬಟನ್ ಎಲ್ಲಿದೆ ಗೊತ್ತಿಲ್ಲ. ಯಾವುದನ್ನೋ ಒತ್ತಿದೆ, ದನಿ ಇನ್ನೂ ಏರಿತು.

"ಉಣ್ಣಾಕ ಬಂದಾಂವ ಇರಬೇಕು. ಊಟಕ್ಕ ಕರಕೊಂಡ ಹೋಗೋ ಅಂವನ್ನ, ಫ್ರೇಮ್ ಖಾಲಿ ಆಗಲಿ!"

ಟಿವಿಯಲ್ಲಿ ನನ್ನ ಗೆಳೆಯ ಹೋಗಿ ಆ ಪಟಗಾದವರ ತೋಳು ಹಿಡಿದು, "ಕಾಕಾರ, ಊಟಕ್ಕ ನಡೀರಿ," ಎಂದ. ಪಟಗಾದವರು ತಿರುಗಿದರು.

ಕಾಕಾ.

ಬಿಳಿ ಟೊಪ್ಪಿಗೆಯ ಕಾಕಾ ಟಿವಿಯಲ್ಲಿದ್ದ ಹಳದಿ ಪಟಗಾದ ಕಾಕಾನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನನ್ನ ಮಗಳ ಲಗ್ನದಾಗ, ನಾ ಹಾಕಸೂ ಊಟಕ್ಕ, ನನ್ನ ಯಾಕ ಕರೀತಾನ ಇಂವ ಅಂತ ಅವತ್ತಿನಿಂದ ವಿಚಾರ ಮಾಡಾಕತ್ತಿದ್ನಿ," ಎಂದರು. "ಇವತ್ತ ತಿಳೀತು."

ನಿಂತ ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ. ನಿಪ್ಪಾಣಿಯ ಆ ನೆಲಕ್ಕೆ ಗಟ್ಟಿ ಟೈಲ್ಸ್ ಹಾಕಿದ್ದರು.

ಆದರೆ ವಿಡಿಯೋ ಇನ್ನೂ ಓಡುತ್ತಿತ್ತು. ಗೆಳೆಯ ತೋಳು ಎಳೆಯುವಾಗ ಅಂತರಪಟದ ಹಿಂದಿನಿಂದ ಮಗಳ ದನಿ ಬಂತು: "ಅಪ್ಪಾ, ಎಲ್ಲೂ ಹೋಗಬ್ಯಾಡ ನೀ. ಇಲ್ಲೇ ನಿಂದರು."

ಕಾಕಾ ಕುರ್ಚಿಯಿಂದ ಎದ್ದರು. ನನಗೆ ಹೊಡೆಯುತ್ತಾರೆ ಎಂದುಕೊಂಡೆ. ಮಾಲಕರ ಕಡೆ ತಿರುಗಿ, "ಇದ ಲ್ಯಾಪ್‌ಟಾಪ್ ಕಟ್ಟ್ರಿ," ಎಂದರು. ಕೊಳ್ಳುವವನು ನಾನು ಎಂಬುದನ್ನು ಹೇಳುವ ಧೈರ್ಯ ನನಗೆ ಆಗಲಿಲ್ಲ, ದುಡ್ಡು ಎಣಿಸಿ ಕೊಟ್ಟೆ.

ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ನಾನು ಲ್ಯಾಪ್‌ಟಾಪನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕುಳಿತಿದ್ದೆ. ಅಥಣಿಯಲ್ಲಿ ಇಳಿಯುವಾಗ ಅಂದರು, "ಹಾಡ ಗೀಡ ಹಾಕಬ್ಯಾಡ. ಒಂದು ಮಾತೂ ಕತ್ತರಿಸಬ್ಯಾಡ. ಇದ್ದದ್ದು ಇದ್ದಂಗ ಕೊಡು."

"ಕಾಕಾ, ನನ್ನ ಮಾತಾದರೂ..."

"ನಿನ್ನ ಮಾತ ಕತ್ತರಿಸಿದ್ರ ನನ್ನ ಮಗಳ ಮಾತೂ ಹೋಗತೈತಿ. ಎರಡೂ ಇರಲಿ. ಲಗ್ನದಾಗ ಎಲ್ಲಾರೂ ಛಲೋ ಆತು, ಛಲೋ ಆತು ಅಂದ್ರು. ಖರೇ ಹೇಳಿದಾಂವ ನೀ ಒಬ್ಬಾಂವ."

ಪಂಚಮಿ ಉಂಡಿ

ಹೊಸ ಲ್ಯಾಪ್‌ಟಾಪಿನಲ್ಲಿ ಕೆಲಸ ನೀರು ಹರಿದ ಹಾಗೆ ಆಯಿತು. ಆದರೆ ಒಂದು ಮಾತು. ನನ್ನ ದನಿ ಕೇಳಲು ನನಗೇ ನಾಚಿಕೆ. ಅದಕ್ಕೆ ದನಿ ಪೂರ್ತಿ ಬಂದ್ ಮಾಡಿ, ಬರೀ ಚಿತ್ರ ನೋಡಿಕೊಂಡು ಜೋಡಿಸಿ ಕೊಟ್ಟುಬಿಟ್ಟೆ. ಒಳಗೆ ಏನೇನಿದೆ ಎಂಬುದನ್ನು ನಾನು ಕೇಳಲಿಲ್ಲ. ಇದನ್ನೂ ನೆನಪಿಟ್ಟುಕೊಳ್ಳಿರಿ.

ಪಂಚಮಿಗೆ ಕಾಕಾ ನನ್ನನ್ನು ಹೆಂಡತಿಯ ಸಮೇತ ಸತ್ತಿಗೆ ಕರೆದರು. ಆಕೆ ಆ ನೀಲಿ ಸೀರೆ ಉಟ್ಟುಕೊಂಡು ಬಂದಳು. ಪಡಸಾಲೆಯಲ್ಲಿ ಟಿವಿ, ಅದರ ಎದುರು ಮಗಳು, ಅಳಿಯ, ಬೀಗರು, ಇಡೀ ಓಣಿ. ಎಲ್ಲರ ಕೈಯಲ್ಲಿ ಹಬ್ಬದ ಸಿಹಿ ಉಂಡಿ, ಮಡಿಲಲ್ಲಿ ಹುರಿದ ಜೋಳದ ಅಳ್ಳು. ಅದೇ ಪ್ರಸಂಗ ಬಂತು. "ಗ್ವಾಡಿ ನಿಂತಂಗ ನಿಂತಾನ!" ಓಣಿಯೇ ಬಿದ್ದು ಬಿದ್ದು ನಕ್ಕಿತು. ಮಗಳು ನಗುತ್ತ ನಗುತ್ತ, ತನ್ನ ಮಾತು ಬಂದಾಗ ಅಪ್ಪನ ತೋಳಿಗೆ ಹಣೆ ಹಚ್ಚಿದಳು. ಬೀಗರು, "ಇನ್ನೊಮ್ಮಿ ಹಾಕ್ರಿ," ಎಂದರು. ಕಾಕಾನ ಮಾರಿ ಉಳಿಯಿತು. ನನ್ನದೂ ಉಳಿಯಿತು ಎಂದುಕೊಂಡು ನಾನು ಮೊದಲ ಸಲ ತಲೆ ಎತ್ತಿ ಉಂಡಿಗೆ ಬಾಯಿ ಹಾಕಿದೆ.

ಆಮೇಲೆ ಟಿವಿಯಲ್ಲಿ ಮದುವೆಯ ಊಟದ ಪಂಕ್ತಿ ಬಂತು. ಆ ದಿನ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಪಂಕ್ತಿಯ ಕಡೆ ಮುಖ ಮಾಡಿ ನಿಲ್ಲಿಸಿ, ನಾನೂ ಉಣ್ಣಲು ಕುಳಿತಿದ್ದೆ. ಟಿವಿಯ ಒಂದು ಮೂಲೆಯಲ್ಲಿ ನಾನು ಕಾಣಿಸಿದೆ. ಕಿವಿಗೆ ಮೊಬೈಲ್ ಹಚ್ಚಿಕೊಂಡಿದ್ದೆ.

"ಹಲೋ... ಇಲ್ಲ ಬಿಡ, ಊಟ ಎಲ್ಲೀದು? ಮುಂಜಾನಿಂದ ನಿಂತ ಕಾಲಿನ ಮ್ಯಾಲ ಅದೀನಿ, ನೀರು ಸೈತ ಕುಡದಿಲ್ಲ... ಹೂಂ, ಮನಿಗಿ ಬಂದ ಉಣ್ಣತೀನಿ. ನಿನ್ನ ಕೈ ಕಡ್ಲಿಹಿಟ್ಟಿನ ಝುಣಕದ ರುಚಿ ಇಲ್ಲೆಲ್ಲಿ ಬರಬೇಕು?"

ನೀಲಿ ಸೀರೆ ನನ್ನ ಕಡೆ ನಿಧಾನವಾಗಿ ತಿರುಗಿತು. ಟಿವಿಯಲ್ಲಿ ನಾನು ಮೊಬೈಲನ್ನು ಕಿಸೆಗೆ ಹಾಕಿಕೊಂಡೆ.

"ಏ, ಇನ್ನೆರಡ ಹೋಳಿಗಿ ಹಾಕಪಾ! ತುಪ್ಪ ಕೈ ಬಿಟ್ಟ ಹಾಕು. ಮನಿಗಿ ಹೋದ್ರ ಮತ್ತ ಅದ ಝುಣಕಾನ ಐತಿ!"

ನನ್ನ ಸ್ಥಿತಿ ಕಾಕಾಗೆ ತಿಳಿಯಿತು. ದೊಡ್ಡ ಮನುಷ್ಯರು. ಥಟ್ಟನೆ ಎದ್ದು, ಎರಡೂ ತೋಳು ಅಗಲಿಸಿ, ಟಿವಿಗೆ ಅಡ್ಡ, ಖರೇನೇ ಗೋಡೆ ನಿಂತ ಹಾಗೆ ನಿಂತರು. ಚಿತ್ರ ಮುಚ್ಚಿತು. ಹಿಂದಿನಿಂದ ನನ್ನ ದನಿ ಮಾತ್ರ ಸ್ವಚ್ಛವಾಗಿ ಬರುತ್ತಲೇ ಇತ್ತು: "ಇನ್ನಷ್ಟ... ಇನ್ನಷ್ಟ..."

ಹೆಂಡತಿ ಸೆರಗು ಸರಿಪಡಿಸಿಕೊಂಡು ಬಹಳ ಮರ್ಯಾದೆಯಿಂದ ಅಂದಳು, "ಕಾಕಾರ, ಸ್ವಲ್ಪ ಸರೀರಿ. ತುಪ್ಪ ಎಷ್ಟ ಹಾಕಿಸಿಕೊಂಡಾರ ನೋಡಬೇಕು."