ಶವಾಗಾರದ ಮೇಲೊಂದು ರಿಪೀಟರ್

ತಂಟೆಗೆಲ್ಲ ಕಾರಣ ಹೆಬ್ಬೆರಳ ಗಾತ್ರದ ಒಂದು ವಾಲ್ಯೂಮ್ ಗುಂಡಿ.

ಹೋದ ಪ್ರವಾಹದಲ್ಲಿ ಫೋನುಗಳೆಲ್ಲ ಸತ್ತಾಗ, ಗುಡ್ಡದಾಚೆಯಿಂದ ಅಕ್ಕ ಇಡೀ ದಿನ ಸಣ್ಣ ಹ್ಯಾಮ್ ರೇಡಿಯೊದಲ್ಲಿ ಕೂಗಿದ್ದಳು. ಈಚೆಗಿದ್ದ ತಮ್ಮನಿಗೆ ಗೊರಗೊರ ಸದ್ದು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ದೋಣಿ ಹೋಗುವ ಹೊತ್ತಿಗೆ ಭಾವ ಬದುಕಿರಲಿಲ್ಲ. ಅಂದಿನಿಂದ ರೇಡಿಯೊ ರಿಪೇರಿ ಮಾಡುವ ಆ ತಮ್ಮನಿಗೆ ಒಂದೇ ಹಟ: ಎತ್ತರದಲ್ಲೊಂದು ರಿಪೀಟರ್ ಕೂರಿಸಬೇಕು. ಆಚೆಯ ಸಣ್ಣ ದನಿಯನ್ನು ಹಿಡಿದು ಈಚೆಗೆ ಜೋರಾಗಿ ಹೇಳುವ ಪೆಟ್ಟಿಗೆ ಅದು. ಊರು ಅವನಿಗೆ ‘ಗೊರಗೊರ’ ಎಂದೇ ಹೆಸರಿಟ್ಟಿತು.

ಯಾರೂ ತಾರಸಿ ಕೊಡಲಿಲ್ಲ. “ಆ ಆಂಟೆನಾ ಕಂಬಿಯಿಂದ ಮಂಡಿನೋವು ಬರುತ್ತಂತೆ” ಎಂದರು, ಹತ್ತು ವರ್ಷದಿಂದ ಮಂಡಿನೋವಿದ್ದವರು. ಕೊನೆಗೆ ದಿಬ್ಬದ ಮೇಲಿನ ಆಸ್ಪತ್ರೆಯವರು ಶವಾಗಾರದ ತಾರಸಿ ಕೊಟ್ಟರು. “ಅಲ್ಲಿರೋರು ತಕರಾರು ಮಾಡಲ್ಲ ಬಿಡಿ.” ಕಂಬಿ ತಾರಸಿಗೆ ಹೋಯಿತು, ಪೆಟ್ಟಿಗೆ ಕೆಳಗೆ ಶವಗಳ ಕೋಣೆಯಲ್ಲಿ ಕೂತಿತು.

ಇವತ್ತು ನಾಲ್ಕಕ್ಕೆ ಪರೀಕ್ಷೆ. ಆಚೆಯಿಂದ ಅಕ್ಕ ಕೂಗಬೇಕು, ಅನುಮತಿ ಕೊಡುವ ಅಧಿಕಾರಿ ಕೇಳಬೇಕು. ಅಧಿಕಾರಿಯ ಸಹಿ ಐದು ಪತ್ರಗಳಲ್ಲಿ ಬಂದಿತ್ತು, ಮುಖ ಬಂದಿರಲಿಲ್ಲ. ಅವರು ಒಪ್ಪದಿದ್ದರೆ ಪೆಟ್ಟಿಗೆ ಇವತ್ತೇ ಬಿಚ್ಚಬೇಕು. ಆಕಾಶ ಆಗಲೇ ಹಂಚಿನ ತಳದಂತೆ ಕಪ್ಪಾಗಿತ್ತು.

“ಇದರಲ್ಲಿ ದನಿ ಕೇಳಿಸುತ್ತಾ ಸಾರ್?” ಎಂದ ಶವಾಗಾರದ ಕಾವಲುಗಾರ.

“ಆ ಗುಂಡಿ ತಿರುಗಿಸಿದ್ರೆ ಕೇಳಿಸುತ್ತೆ. ಮುಟ್ಟಬೇಡಿ.”

ಗೊರಗೊರ ಕಂಬಿ ಬಿಗಿಯಲು ಏಣಿ ಹತ್ತಿದ. ಕಾವಲುಗಾರ ಗುಂಡಿಯನ್ನು ಪೂರ್ತಿ ತಿರುಗಿಸಿ, ಬಾಗಿಲೆಳೆದುಕೊಂಡು ಬೀಡಿ ಸೇದಲು ಹೋದ.

ಹೊರಗಿನ ಬೆಂಚಿನಲ್ಲಿ, ಬೆಳಿಗ್ಗೆ ತೀರಿಕೊಂಡ ಮುದುಕಿಯೊಬ್ಬಳ ಮಕ್ಕಳಿಬ್ಬರು ದೇಹಕ್ಕಾಗಿ ಕಾಯುತ್ತಿದ್ದರು. ದೊಡ್ಡವನು ದಪ್ಪ, ಚಿಕ್ಕವನು ಕಡ್ಡಿ. ನಾಲ್ಕು ಹೊಡೆಯಿತು. ಮುಚ್ಚಿದ ಬಾಗಿಲ ಹಿಂದಿನಿಂದ ಒಡಕು ದನಿ ಬಂತು.

“ಕೇಳಿಸ್ತಿದೆಯೇನಪ್ಪಾ? ಎಷ್ಟು ಹೊತ್ತು ಒಬ್ಬಳೇ ಕೂಗ್ಲಿ?”

ದಪ್ಪನೆಯವನು ಚೇಳು ಕುಟುಕಿದಂತೆ ಎದ್ದ. “ಅಮ್ಮಾ!”

“ಸುಮ್ನಿರಬೇಡ! ಏನು ಮಾಡಿಟ್ಟಿದೀಯ ಅಲ್ಲಿ? ನಿಜ ಹೇಳು!”

ಅವನು ಬಾಗಿಲಿಗೆ ಹಣೆ ಚಚ್ಚಿಕೊಂಡ. “ತಪ್ಪಾಯ್ತಮ್ಮಾ! ನಿಂಗೆ ಪ್ರಜ್ಞೆ ಇಲ್ಲದಾಗ ಹೆಬ್ಬೆಟ್ಟು ಒತ್ತಿಸ್ಕೊಂಡೆ. ಮನೆ ಪೂರ್ತಿ ನನ್ನ ಹೆಸರಿಗೆ...”

“ಯಾವ ಹೆಬ್ಬೆಟ್ಟು ಅಣ್ಣಾ?” ಎಂದ ಚಿಕ್ಕವನು.

ಗಲಾಟೆ ಕೇಳಿ ಗೊರಗೊರ ಇಳಿದು ಬರುವಷ್ಟರಲ್ಲಿ ಕಾವಲುಗಾರ ಬಂದು ಬಾಗಿಲು ತೆರೆದಿದ್ದ. ಮುದುಕಿ ಬಿಳಿ ಬಟ್ಟೆಯಡಿ ಅಲುಗದೆ ಮಲಗಿದ್ದಳು. ಮಾತಾಡುತ್ತಿದ್ದುದು ಪೆಟ್ಟಿಗೆ.

“ಅದು ನಮ್ಮಕ್ಕ ಸಾರ್,” ಎಂದ ಗೊರಗೊರ. “ಶೀತ ಆಗಿದೆ.”

“ಇಪ್ಪತ್ತು ವರ್ಷದಿಂದ ಇಲ್ಲಿ ಯಾರೂ ಮಾತೇ ಆಡಿಲ್ಲ ಸಾರ್. ಅದಕ್ಕೇ ತಿರುಗಿಸ್ದೆ,” ಎಂದ ಕಾವಲುಗಾರ.

“ಪೆಟ್ಟಿಗೆ ಯಾರದು?” ಎಂದ ದಪ್ಪನೆಯವನು. ತಮ್ಮನ ಕೈ ಅವನ ಕಾಲರಿನಲ್ಲಿತ್ತು.

“ನಂದೇ ಸಾರ್. ತಪ್ಪು ತಿಳೀಬೇಡಿ. ಇನ್ನೇನು ಅಧಿಕಾರಿಗಳು ಬರ್ತಾರೆ, ಪರೀಕ್ಷೆ ಇದೆ.”

“ಪರೀಕ್ಷೆ ಫಾರಂ ಕೊಡಿ.”

ಗೊರಗೊರ ಕಕ್ಕಾಬಿಕ್ಕಿಯಾಗಿ ಕೊಟ್ಟ. ದಪ್ಪನೆಯವನು ಗೋಡೆಗೆ ಒತ್ತಿಟ್ಟು ಬರೆದ. ದನಿ ಸ್ಪಷ್ಟವಾಗಿದೆಯೇ? ಬಹಳ. ಅನುಮತಿ? ಇಲ್ಲ. ಕೆಳಗೊಂದು ಸಹಿ. ಆ ಸಹಿ ಗೊರಗೊರನಿಗೆ ಚೆನ್ನಾಗಿ ಪರಿಚಯವಿತ್ತು.

“ನನ್ನ ಮುಂದೇನೇ ಬಿಚ್ಚಿ,” ಎಂದ ಅಧಿಕಾರಿ.

ಗೊರಗೊರ ಪ್ಲಗ್ಗಿಗೆ ಕೈ ಹಾಕಿದ.

“ಇಲ್ಲಿ ಮಳೆ ಶುರುವಾಯ್ತು ಕಣೋ,” ಎಂದಿತು ಪೆಟ್ಟಿಗೆ. “ಈ ಸಲನಾದ್ರೂ ಕೇಳಿಸ್ತಾ?”

ಅಲ್ಲಿದ್ದವರಿಗೆಲ್ಲ ಕೇಳಿಸಿತು. ಗೊರಗೊರ ಪ್ಲಗ್ಗು ಕಿತ್ತ.