ಸರಳರೇಖೆಗೆ ಮೂರು ಕೊಟೇಶನ್

ಎರಡು ಬಿಂದುಗಳ ಮೂಲಕ ಒಂದೇ ಒಂದು ಸರಳರೇಖೆ ಹಾದುಹೋಗುತ್ತದೆ ಎಂಬ ಸಂಗತಿ ನೀರು ಸರಬರಾಜು ಕಚೇರಿಯ ಗಮನಕ್ಕೆ ಬಂದದ್ದು ಕಳೆದ ಬೇಸಿಗೆಯಲ್ಲಿ. ಇಂಥದೊಂದು ಅಕ್ರಮ ಹಾಡಹಗಲೇ ನಡೆಯುತ್ತಿದೆಯೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಬಟ್ಟೆ ಒಗೆಯುವ ಅಂಗಡಿಯ ಅಕ್ಕ ನಲ್ಲಿ ಕೇಳಿದ್ದರು. ಅವರ ಬಾವಿ ಬತ್ತಿತ್ತು; ನೀರು ಬಾರದಿದ್ದರೆ ಅಂಗಡಿಗೆ ಬೀಗವೇ ಗತಿ. ನಕ್ಷೆಗಾರ ಕಚೇರಿಯ ಬಾಗಿಲನ್ನು ಸೊನ್ನೆಯೆಂದು ಹಿಡಿದು ಅಳೆದ. ಟ್ಯಾಂಕು (2, 3)ರಲ್ಲಿತ್ತು, ಅಂಗಡಿ (6, 11)ರಲ್ಲಿ. ಏರಿದ ಎಂಟನ್ನು ಅಡ್ಡ ಸರಿದ ನಾಲ್ಕರಿಂದ ಭಾಗಿಸಿ ಇಳಿಜಾರು ಎರಡು ಎಂದ. ಪೈಪಿನ ದಾರಿ y = 2x − 1 ಎಂದು ಬರೆದು, ಚಹಾ ಆರುವ ಮೊದಲೇ ಅಧಿಕಾರಿಯ ಮೇಜಿನ ಮೇಲಿಟ್ಟ.

"ಉಳಿದೆರಡು ಎಲ್ಲಿ?" ಎಂದರು ಅಧಿಕಾರಿ.

"ಯಾವ ಉಳಿದೆರಡು ಸಾರ್?"

"ಮೂರು ಕೊಟೇಶನ್ ಇಲ್ಲದೆ ಇಲ್ಲಿ ಗುಂಡುಸೂಜೀನೂ ಕೊಳ್ಳೋ ಹಾಗಿಲ್ಲ. ನೀನು ಒಂದೇ ಗೆರೆ ತಂದಿದ್ದೀಯ."

"ಎರಡು ಬಿಂದುಗೆ ಇರೋದೇ ಒಂದು ಗೆರೆ ಸಾರ್."

ಅಧಿಕಾರಿ ದನಿ ತಗ್ಗಿಸಿದರು. "ಅಂದ್ರೆ ಒಳಒಪ್ಪಂದ ಆಗಿದೆ ಅನ್ನು."

ನಕ್ಷೆಗಾರ ಹೆಂಡತಿ ಮಕ್ಕಳಿದ್ದವನು. ವಾದಿಸಲಿಲ್ಲ.

ಪ್ರಕಟಣೆ ಹೊರಬಿತ್ತು: "ಟ್ಯಾಂಕಿನಿಂದ ಅಂಗಡಿಗೆ ಸರಳರೇಖೆ ಒದಗಿಸಲು ಆಸಕ್ತರಿಂದ ಮೊಹರಾದ ಲಕೋಟೆಯಲ್ಲಿ ಸಮೀಕರಣಗಳನ್ನು ಆಹ್ವಾನಿಸಲಾಗಿದೆ. ಡೊಂಕು ಗೆರೆಗಳನ್ನು ಕಾರಣ ನೀಡದೆ ತಿರಸ್ಕರಿಸಲಾಗುವುದು."

ಒಬ್ಬ ಗುತ್ತಿಗೆದಾರ ನಕ್ಷೆಗಾರನ ಗೆರೆಯನ್ನೇ ಕೊಟ್ಟ. ಅದು ಎರಡೂ ಬಿಂದುಗಳನ್ನು ಮುಟ್ಟುತ್ತಿದ್ದುದರಿಂದ ಎರಡು ಕಡೆ ಜೋಡಣೆಯ ಖರ್ಚಿತ್ತು. ಇನ್ನೊಬ್ಬನ ಗೆರೆ ಟ್ಯಾಂಕನ್ನು ಮಾತ್ರ ಮುಟ್ಟುತ್ತಿತ್ತು. ಅಧಿಕಾರಿಯ ಭಾವಮೈದುನ ಕೊಟ್ಟ y = 2x + 5 ಯಾವುದನ್ನೂ ಮುಟ್ಟುತ್ತಿರಲಿಲ್ಲ; ಹಾಗಾಗಿ ಎಲ್ಲಕ್ಕಿಂತ ಅಗ್ಗ. ಇದರ ಇಳಿಜಾರೂ ಎರಡೇ ಆದ್ದರಿಂದ ಗುಣಮಟ್ಟದಲ್ಲಿ ರಾಜಿಯಾಗಿಲ್ಲ ಎಂದು ಷರಾ ಬರೆಯಲಾಯಿತು. ಪೈಪು ನೆಲದ ಮೇಲೆ ನೆಟ್ಟಗೆ ಬಿತ್ತು. ನೋಡಿದವರೆಲ್ಲ ಮೆಚ್ಚಿದರು.

ಅಕ್ಕ ಅಧಿಕಾರಿಯ ಬಳಿಗೆ ಓಡಿ ಬಂದರು. "ಸ್ವಾಮಿ, ಪೈಪು ನಮ್ಮ ಕಡೆ ಬರಲೇ ಇಲ್ಲ!"

"ನೀವೇ ಪೈಪಿನ ಕಡೆ ಇಲ್ಲಮ್ಮ. ಆರನ್ನ ಎರಡರಿಂದ ಗುಣಿಸಿ ಐದು ಕೂಡಿ. ಹದಿನೇಳಾಗಬೇಕು. ನೀವು ಹನ್ನೊಂದರಲ್ಲಿ ಕೂತಿದ್ದೀರಿ."

"ನಮ್ಮತ್ತೆ ಕಾಲದಿಂದ ಅಲ್ಲೇ ಇದ್ದೀವಲ್ಲ?"

"ಅತ್ತೆ ಕಾಲದ್ದು ಅಂತ ತಪ್ಪು ಸರಿಯಾಗುತ್ತಾ?"

ಸಮೀಕರಣ ಮಂಜೂರಾಗಿರುವುದರಿಂದ ಬಿಂದುಗಳೇ ಸರಿಯತಕ್ಕದ್ದು ಎಂದು ನೋಟಿಸು ಹೋಯಿತು. ಅಕ್ಕನಿಗೆ ಸೌದೆ ಡಿಪೋದ ಹಿಂದೆ (1, 7)ರಲ್ಲಿ ಜಾಗ ಕೊಟ್ಟರು. ಅತ್ತೆ ಹಾಕಿಸಿದ ಒಗೆಯುವ ಕಲ್ಲನ್ನು ಬಿಟ್ಟು ಬರುವಾಗ ಅಕ್ಕ ಬಿಕ್ಕಿ ಬಿಕ್ಕಿ ಅತ್ತರು. ಟ್ಯಾಂಕಿಗೂ ನೋಟಿಸು ಹೋಗಿದೆ, ಅದು ಇನ್ನೂ ಸರಿದಿಲ್ಲ. ಹೀಗಾಗಿ ಪೈಪಿನಲ್ಲಿ ಗಾಳಿ ಮಾತ್ರ.

ಆದರೂ ಬಡವರ ಹೊಟ್ಟೆಯ ಮೇಲೆ ಹೊಡೆಯುವುದು ಕಚೇರಿಯ ಉದ್ದೇಶವಲ್ಲ. ಮಂಜೂರಾದ ಪೈಪು ಹಾದುಹೋಗಿರುವ ಅಂಗಡಿಯಿಂದ ಬಂದ ಬಟ್ಟೆಯನ್ನು ಒಗೆದ ಬಟ್ಟೆಯೆಂದೇ ಪರಿಗಣಿಸತಕ್ಕದ್ದು ಎಂದು ಸುತ್ತೋಲೆ ಹೊರಟಿತು. ಅಕ್ಕ ಈಗ ಬಂದ ಬಟ್ಟೆಗೆ ಹಾಗೇ ಇಸ್ತ್ರಿ ಹಾಕಿ ಕೊಡುತ್ತಾರೆ. ಅಂಗಡಿ ಉಳಿಯಿತು.

ಮೊನ್ನೆ ಅಧಿಕಾರಿಯ ಹೆಂಡತಿ ಗಂಡನ ಬಿಳಿ ಅಂಗಿ ಬಿಡಿಸಿ ನೋಡಿ, "ಕಾಲರ್ ಕೊಳೆ ಹಾಗೇ ಇದೆಯಲ್ಲೇ?" ಎಂದರು.

"ಅದು ಕಣ್ಣಿಗೆ ಕಾಣೋದು ಅಮ್ಮಾವ್ರೇ. ನಿಯಮದ ಪ್ರಕಾರ ಹೋಗಿದೆ."

ಅವರು ಅಂಗಿಯನ್ನು ಮೂಗಿನ ಹತ್ತಿರ ಹಿಡಿದು ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ, "ನಿಯಮ ಅಂದ್ಮೇಲೆ ಹೋಗಿರಲೇಬೇಕು. ನಾಳೆ ಕಿಟಕಿ ಪರದೆಗಳನ್ನೂ ಕಳಿಸ್ತೀನಿ" ಎಂದರು.